ಪ್ರತಿಕ್ರಿಯೆ: ಮಿಲಾನ್‌ನಲ್ಲಿ ಟೊಮೇಟೊ ಆರಿಸಿದ್ದಕ್ಕೆ ಗದರಿದ್ದು ಯಾಕೆ?

ಸೂಪರ್ ಮಾರ್ಕೆಟ್‌ನಲ್ಲಿ ಟೊಮೇಟೊ ಒತ್ತಿ ನೋಡಿದ್ದಕ್ಕೆ ಅಜ್ಜಿಯೊಬ್ಬರು ಗದರಿದರು ಅಂದಿರಲ್ಲ, ಅದು ನೀವು ವಿದೇಶಿ ಅನ್ನೋ ಕಾರಣಕ್ಕಲ್ಲ, ಬರಿಗೈ ಹಾಕಿದ್ದಕ್ಕೆ. ಇಟಲಿಯ ಸೂಪರ್ ಮಾರ್ಕೆಟ್‌ಗಳಲ್ಲಿ ಹಣ್ಣು-ತರಕಾರಿ ಮುಟ್ಟೋ ಮೊದಲು ಪ್ಲಾಸ್ಟಿಕ್ ಕೈಗವಸು ಹಾಕಬೇಕು. ತರಕಾರಿ ಹಾಕೋ ಚೀಲಗಳ ಸುರುಳಿಯ ಪಕ್ಕದಲ್ಲೇ ಇರುತ್ತೆ, ಪುಕ್ಕಟೆ.

ತರಕಾರಿಯ ಬೆಲೆ ಚೀಟಿ ಮೇಲಿನ ನಂಬರ್ ನೆನಪಿಟ್ಟುಕೊಳ್ಳಿ. ಚೀಲವನ್ನು ತಕ್ಕಡಿ ಮೇಲಿಟ್ಟು ಆ ನಂಬರ್ ಒತ್ತಿದರೆ ಸ್ಟಿಕ್ಕರ್ ಬರುತ್ತೆ. ಒಂದು ಚೀಲಕ್ಕೆ ಒಂದೇ ಬಗೆಯ ತರಕಾರಿ. ತೂಕ ಆದ್ಮೇಲೆ ಅದೇ ತರಕಾರಿ ಇನ್ನೊಂದು ಸೇರಿಸಿದರೂ ಮತ್ತೆ ತೂಗಬೇಕು. ಸ್ಟಿಕ್ಕರ್ ಇಲ್ಲದೆ ಬಿಲ್ಲಿಂಗ್‌ಗೆ ಹೋದ್ರೆ ವಾಪಸ್ ಕಳಿಸ್ತಾರೆ, ಆಗ ಹಿಂದಿನ ಸಾಲು ನಿಟ್ಟುಸಿರು ಬಿಡುತ್ತೆ. (ಕೆಲವು ಅಂಗಡಿಗಳಲ್ಲಿ ಕ್ಯಾಷಿಯರೇ ತೂಗ್ತಾರೆ, ತಕ್ಕಡಿ ಕಾಣದಿದ್ರೆ ಹಾಗೇ ಅಂದ್ಕೊಳ್ಳಿ.) ಚೀಲಕ್ಕೆ 2018ರಿಂದ ಒಂದೆರಡು ಸೆಂಟ್ ಬಿಲ್‌ಗೆ ಸೇರುತ್ತೆ. ಅದು ಗೊಬ್ಬರವಾಗೋ ಚೀಲ, ಸ್ಟಿಕ್ಕರನ್ನು ಹಿಡಿಕೆಗೆ ಅಂಟಿಸಿದರೆ ಆಮೇಲೆ ಆ ಭಾಗ ಕಿತ್ತು ಚೀಲವನ್ನು ಹಸಿ ಕಸಕ್ಕೆ ಬಳಸಬಹುದು.

ಬೀದಿ ಸಂತೆಯಲ್ಲಿ ಕೈಗವಸೂ ಬೇಡ, ಕೈಯೇ ಹಾಕಬೇಡಿ. ಬೀನ್ಸ್ ಮುರಿದು ನೋಡೋ ನಮ್ಮ ಚಾಳಿ ಅಲ್ಲಿ ನಡೆಯಲ್ಲ. ಎಷ್ಟು ಬೇಕು ಅಂತ ವ್ಯಾಪಾರಿಗೆ ಹೇಳಿ: ಇಟಾಲಿಯನ್‌ನಲ್ಲಿ 'ಮೆದ್ಜೊ ಕೀಲೊ' ಅಂದ್ರೆ ಅರ್ಧ ಕಿಲೋ. ಇವತ್ತಿಗೆ ಬೇಕೋ ನಾಳೆಗೋ ಹೇಳಿದರೆ ಅದಕ್ಕೆ ತಕ್ಕ ಹಣ್ಣಾದದ್ದನ್ನು ಅವರೇ ಆರಿಸಿ ಕೊಡ್ತಾರೆ. ಒತ್ತಿ ನೋಡೋದಕ್ಕಿಂತ ಇದೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಇನ್ನು ಕಾಫಿ ವಿಷಯ: ಊಟದ ಮೇಲೆ ಕಪುಚೀನೊ (ನೊರೆಹಾಲಿನ ಕಾಫಿ) ಕೇಳಿದರೆ ಹುಬ್ಬೇರಿಸ್ತಾರೆ ನಿಜ, ಆದರೆ ಕೊಟ್ಟೇ ಕೊಡ್ತಾರೆ. ಬರೀ 'ಲಾತ್ತೆ' ಅಂದ್ರೆ ಮಾತ್ರ ಕಾಫಿ ಅಲ್ಲ, ಒಂದು ಲೋಟ ಹಾಲು ಬರುತ್ತೆ, ಆ ಪದಕ್ಕೆ ಅಲ್ಲಿ ಹಾಲು ಅಂತಲೇ ಅರ್ಥ.