ಬಿಸಿ ಟಯರ್‌ನಿಂದ ಗಾಳಿ ಬಿಡಬೇಡಿ

ಬೆಳಗ್ಗೆ ಬೆಂಗಳೂರಲ್ಲಿ ಕಾರಿನ ಟಯರ್‌ಗೆ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿಸಿದ್ದು, ಮಧ್ಯಾಹ್ನ ಚಿತ್ರದುರ್ಗದ ಹತ್ತಿರ ಕಾರಿನ ಸೆನ್ಸರ್ ನಾಲ್ಕೂ ಟಯರ್‌ಗಳಲ್ಲಿ 38 ತೋರಿಸಿದೆ ಅಂದ್ರೆ ಕಾರಣ ಬಹುತೇಕ ಬಿಸಿಯೇ. ಒಳಗಿನ ಗಾಳಿ ಸುಮಾರು 5-6 ಡಿಗ್ರಿ ಸೆಲ್ಸಿಯಸ್ ಕಾದರೆ ಒತ್ತಡ 1 ಪಿಎಸ್‌ಐ ಏರುತ್ತದೆ. ಮೇ ತಿಂಗಳ ಡಾಂಬರು, ಹೈವೇ ವೇಗ ಎರಡೂ ಸೇರಿದರೆ 4-5 ಏರುವುದು ಸಹಜ. ಕಾರಿನ ಕಂಪನಿಯವರು ಇದನ್ನು ಲೆಕ್ಕ ಹಾಕಿಯೇ ತಣ್ಣಗಿನ ಟಯರ್‌ನ ಅಂಕಿ ಕೊಟ್ಟಿರುತ್ತಾರೆ.

ದಯವಿಟ್ಟು ಈಗ ಗಾಳಿ ಬಿಡಬೇಡಿ. 33ಕ್ಕೆ ಇಳಿಸಿದರೆ ರಾತ್ರಿ ತಣ್ಣಗಾದಾಗ 28-29 ಆಗಿಬಿಡುತ್ತದೆ. ಗಾಳಿ ಕಡಿಮೆ ಇರುವ ಟಯರ್ ಓಡುವಾಗ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಬೇಸಿಗೆಯಲ್ಲಿ ಟಯರ್ ಸಿಡಿಯುವುದು ಹೆಚ್ಚಾಗಿ ಹೀಗೇ. ನಾನೂ ಮೊದಲ ಬೇಸಿಗೆಯಲ್ಲಿ ಸುಮ್ನೆ ಗಾಳಿ ಬಿಟ್ಟು, ಮರುದಿನ ಪೂರ್ತಿ ಕಡಿಮೆ ಒತ್ತಡದಲ್ಲೇ ಓಡಿಸಿದ್ದೆ.

ನಾಳೆ ಬೆಳಗ್ಗೆ ಕಾರು ತೆಗೆಯುವ ಮೊದಲು, ಬಿಸಿಲು ಬೀಳುವ ಮುಂಚೆ ನೋಡಿ. ಕನಿಷ್ಠ 3 ಗಂಟೆ ನಿಂತಿರಬೇಕು. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್‌ಗೆ ಹೋಲಿಸಿ. ಜನ, ಲಗೇಜು ತುಂಬಿದ್ದರೆ ಅದರಲ್ಲಿ ಬೇರೆ ಅಂಕಿ ಇರುತ್ತದೆ. ಟಯರ್ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ಹಾಕಿಸಬೇಡಿ.

ತಣ್ಣಗಿದ್ದಾಗಲೂ 36-37 ಬಂದರೆ ಬಂಕಿನ ಮೀಟರ್ ತಪ್ಪಿರಬಹುದು, ನಿಮ್ಮ ಸೆನ್ಸರ್ರೂ ತಪ್ಪಿರಬಹುದು. ಇನ್ನೊಂದು ಗೇಜಿನಲ್ಲಿ ಅಳೆದೇ ಇಳಿಸಿ. ಒಂದೇ ಟಯರ್ ಉಳಿದವಕ್ಕಿಂತ 3-4 ಕಡಿಮೆ ಇದ್ದರೆ ನೇರ ಪಂಕ್ಚರ್ ಅಂಗಡಿಗೆ ಹೋಗಿ.