ಮುಂಜಾನೆ ಮುಷ್ಟಿ ಕಟ್ಟದ ಕೈ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಹತ್ತದಂತೆ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಧಾರವಾಡ ಕಡೆಯ ಸಣ್ಣ ಊರಿನ 44 ವರ್ಷದ ಗೃಹಿಣಿ. ಖಾನಾವಳಿಯೊಂದಕ್ಕೆ ದಿನಾ 60 ಜೋಳದ ರೊಟ್ಟಿ ಬಡಿದುಕೊಟ್ಟು ಸಂಸಾರಕ್ಕೆ ಹೆಗಲು ಕೊಟ್ಟವರು. ಎರಡೂ ಕೈಗಳ ಗೆಣ್ಣು, ಮಣಿಕಟ್ಟು, ಪಾದದ ಬೆರಳ ಬುಡದಲ್ಲಿ ಬಾವು, ನೋವು. ರುಮಟಾಯ್ಡ್ ಸಂಧಿವಾತ ಎಂದು ವೈದ್ಯರು ಗುರುತಿಸಿ ಔಷಧಿ ಶುರುಮಾಡಿ ಐದು ತಿಂಗಳಾಗಿತ್ತು. ಸಲಹೆಗೆ ಬಂದದ್ದು ಮಾತ್ರ ನೋವಿಗಲ್ಲ, ಮನೆಯ ಜಗಳಕ್ಕೆ.

"ಮುಂಜಾನೆ ಚಹಾದ ಕಪ್ ಹಿಡಿಯಾಕ ಬರಂಗಿಲ್ರಿ. ಹನ್ನೊಂದರ ಸುಮಾರಿಗೆ ಕೈ ಬಿಡ್ತಾವು, ಆಮ್ಯಾಲೆ ರೊಟ್ಟಿ ಬಡೀತೀನಿ. ಅದನ್ನ ನೋಡಿ ನಮ್ಮತ್ತಿ, 'ರೊಕ್ಕದ ಕೆಲಸಕ್ಕ ಕೈ ಬರ್ತಾವು, ಮನಿ ಕೆಲಸಕ್ಕ ಬರಂಗಿಲ್ಲೇನು?' ಅಂತಾರ್ರಿ."

ಅತ್ತೆ ಕೆಟ್ಟವರಲ್ಲ. ಅವರಿಗೂ ಮೊಣಕಾಲು ನೋವಿದೆ, ಆದರೆ ಅದು ಸವೆತದ ನೋವು. ನಡೆದಷ್ಟೂ ಹೆಚ್ಚು, ಕೂತರೆ ಕಡಿಮೆ. ಬೆಳಗಿನ ಬಿಗಿತ ಹತ್ತು ಹದಿನೈದು ನಿಮಿಷದಲ್ಲಿ ಬಿಡುತ್ತದೆ. ಸೊಸೆಯದು ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದು ಆಗುವ ಉರಿಯೂತ. ರಾತ್ರಿಯ ವಿಶ್ರಾಂತಿಯ ನಂತರವೇ ಇಲ್ಲಿ ಬಿಗಿತ ಹೆಚ್ಚು. ಒಂದು ತಾಸು, ಎರಡು ತಾಸು, ಕೆಲವರಿಗೆ ಮಧ್ಯಾಹ್ನದವರೆಗೂ ಇರುತ್ತದೆ. ಕೈ ಆಡಿದಂತೆ ಸಡಿಲವಾಗುತ್ತದೆ. ಅತ್ತೆ ತಮ್ಮ ನೋವಿನ ಲೆಕ್ಕದಲ್ಲೇ ಸೊಸೆಯ ನೋವನ್ನು ಅಳೆಯುತ್ತಿದ್ದರು. ಒಂದೇ ಮನೆಯಲ್ಲಿ ಎರಡು ಬಗೆಯ ಸಂಧಿವಾತ ಇದ್ದಾಗ ಇಂಥ ಅಪಾರ್ಥ ಸಾಮಾನ್ಯ.

ಹಾಗಾಗಿ ಎರಡನೇ ಭೇಟಿಗೆ ಅತ್ತೆ ಮತ್ತು ಗಂಡ ಇಬ್ಬರನ್ನೂ ಕರೆಸಲಾಯಿತು. ಉಪದೇಶ ಮಾಡಲಿಲ್ಲ. ಹಿಂದಿನ ವಾರ ಮಗಳ ಕೈಯಲ್ಲಿ ಬರೆಸಿದ್ದ ಹಾಳೆಯನ್ನು ಮುಂದಿಟ್ಟೆವು: ಎದ್ದ ಹೊತ್ತು, ಪೂರ್ತಿ ಮುಷ್ಟಿ ಕಟ್ಟಲು ಬಂದ ಹೊತ್ತು, ಮಧ್ಯಾಹ್ನ ಮತ್ತು ರಾತ್ರಿ ನೋವು ಹತ್ತಕ್ಕೆ ಎಷ್ಟು. ಏಳೂ ದಿನ ಮುಷ್ಟಿ ಕಟ್ಟಿದ್ದು ಹತ್ತೂವರೆಯಿಂದ ಹನ್ನೊಂದೂಕಾಲರ ನಡುವೆ. ನಟನೆಯಾಗಿದ್ದರೆ ಹೊತ್ತು ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ ಎಂದು ಗಂಡ ತಾವೇ ಹೇಳಿದರು. ಅತ್ತೆ ಸುಮ್ಮನಿದ್ದರು. ಅಷ್ಟು ಸಾಕಿತ್ತು.

ಅದೇ ದಿನ ಮನೆಯಲ್ಲಿದ್ದ ಔಷಧಿಗಳನ್ನೆಲ್ಲ ಒಂದೇ ಚೀಲದಲ್ಲಿ ತರಲು ಹೇಳಿದ್ದೆವು. ಸಂಧಿವಾತದವರಿಗೆ ಇದನ್ನು ತಪ್ಪದೆ ಹೇಳಬೇಕು, ಏಕೆಂದರೆ ಬಾಯಲ್ಲಿ ಹೇಳುವ ಪಟ್ಟಿಗೂ ಚೀಲಕ್ಕೂ ತಾಳೆಯಾಗುವುದು ಅಪರೂಪ. ಚೀಲದಲ್ಲಿ ಮೂರು ತೊಡಕುಗಳಿದ್ದವು.

ಮೊದಲನೆಯದು ಮೆಥೊಟ್ರೆಕ್ಸೇಟ್. ಇದು ಈ ಉರಿಯೂತವನ್ನು ತಗ್ಗಿಸಲು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ದಿನಾ ನುಂಗಿದರೆ ಬಾಯಿಹುಣ್ಣು, ರಕ್ತಕಣಗಳ ಕುಸಿತವಾಗಿ ಜೀವಕ್ಕೇ ಕುತ್ತು. ಇವರದು ತದ್ವಿರುದ್ಧ ಎಡವಟ್ಟು: ಹೊಟ್ಟೆ ತೊಳಸುತ್ತದೆ ಎಂದು ಎರಡು ವಾರ ತೆಗೆದುಕೊಂಡರೆ ಒಂದು ವಾರ ಬಿಡುತ್ತಿದ್ದರು. ಗುಣ ಕಾಣಲು 6ರಿಂದ 12 ವಾರ ಬೇಕಾಗುವ ಔಷಧಿಯನ್ನು ಹೀಗೆ ಬಿಟ್ಟುಬಿಟ್ಟು ನುಂಗಿದರೆ ಕೆಲಸ ಮಾಡುವುದು ಹೇಗೆ? ಜೊತೆಗೆ ಕೊಟ್ಟಿದ್ದ ಫೋಲಿಕ್ ಆಸಿಡ್ "ಬರೇ ಶಕ್ತಿ ಗುಳಿಗಿ" ಎಂದು ನಿಂತೇಹೋಗಿತ್ತು. ತೊಳಸುವಿಕೆಯನ್ನೂ ಬಾಯಿಹುಣ್ಣನ್ನೂ ತಗ್ಗಿಸುವುದೇ ಅದು. ವೈದ್ಯರನ್ನು ಫೋನಿನಲ್ಲಿ ಕೇಳಿ ರವಿವಾರ ರಾತ್ರಿ ಊಟದ ನಂತರ ಮೆಥೊಟ್ರೆಕ್ಸೇಟ್, ಮಂಗಳವಾರ ಫೋಲಿಕ್ ಆಸಿಡ್ ಎಂದು ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಎರಡು ಬಣ್ಣದ ಗುರುತು ಹಾಕಿಸಿದೆವು. ರಕ್ತಕಣ, ಯಕೃತ್ತು, ಮೂತ್ರಪಿಂಡದ ಪರೀಕ್ಷೆಯ ದಿನಗಳನ್ನೂ ಅದರಲ್ಲೇ ಬರೆದೆವು. ಬೇರೆ ಯಾವ ವೈದ್ಯರು ಆ್ಯಂಟಿಬಯಾಟಿಕ್ ಬರೆದರೂ ಈ ಔಷಧಿಯ ಹೆಸರು ಹೇಳಬೇಕು. ಸಲ್ಫಾ ಗುಂಪಿನ ಕೋಟ್ರೈಮೋಕ್ಸಜೋಲ್ ಇದರ ಜೊತೆ ಅಪಾಯಕಾರಿ.

ಎರಡನೆಯದು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಡೈಕ್ಲೋಫೆನಾಕ್, ಅದೂ ಖಾಲಿ ಹೊಟ್ಟೆಯಲ್ಲಿ. ನೋವು ಮರೆಸುತ್ತದೆಯೇ ಹೊರತು ಕೀಲು ಹಾಳಾಗುವುದನ್ನು ತಡೆಯುವುದಿಲ್ಲ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ತರಬಲ್ಲದು. ಬೇಕಾದಾಗ ಎಷ್ಟು, ಎಷ್ಟು ದಿನ ಎಂದು ವೈದ್ಯರಿಂದಲೇ ಬರೆಸಿಕೊಂಡರು.

ಮೂರನೆಯದು ಗಂಡ ಜಾತ್ರೆಯಲ್ಲಿ ಕೊಂಡು ತಂದ, ಹೆಸರಿಲ್ಲದ ಪುಡಿ. ಎರಡೇ ದಿನದಲ್ಲಿ ನೋವು ಮಾಯವಾಗಿತ್ತಂತೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಂಭವ ಉಂಟು. ಮುಖ ಊದುವುದು, ಸಕ್ಕರೆ ಏರುವುದು, ಎಲುಬು ತೆಳ್ಳಗಾಗುವುದು ಅದರ ಬೆನ್ನಿಗೇ ಬರುವ ತೊಂದರೆಗಳು. ಆದರೆ "ಇವತ್ತೇ ಚೆಲ್ಲಿರಿ" ಎನ್ನುವುದೂ ತಪ್ಪು. ತಿಂಗಳುಗಟ್ಟಲೆ ತಿಂದವರು ಒಮ್ಮೆಲೇ ನಿಲ್ಲಿಸಿದರೆ ದೇಹ ಕುಸಿಯಬಹುದು. ಪೊಟ್ಟಣದೊಂದಿಗೇ ವೈದ್ಯರಲ್ಲಿಗೆ ಕಳಿಸಿದೆವು.

ಇನ್ನು ಕೆಲಸ. ರೊಟ್ಟಿ ಬಿಡಿ ಎಂದು ಹೇಳುವುದು ಸುಲಭ, ಆದರೆ ಅವರ ಸ್ವಂತ ದುಡಿಮೆಯೆಂದರೆ ಅದೊಂದೇ. ಹಾಗಾಗಿ ರೊಟ್ಟಿಯ ಕೆಲಸವನ್ನು ಬಿಡಿಸಿ ನೋಡಿದೆವು. ಬಿಸಿನೀರು ಹಾಕಿದ ಹಿಟ್ಟನ್ನು ಅಂಗೈಬುಡದಿಂದ ಒತ್ತಿ ನಾದುವಾಗ ಭಾರವೆಲ್ಲ ಮಣಿಕಟ್ಟಿನ ಮೇಲೆ. ಬಡಿಯುವಾಗ ಪ್ರತಿ ಏಟೂ ಬಾತ ಗೆಣ್ಣಿಗೆ. ಒಲೆ ಮುಂದೆ ನೆಲಕ್ಕೆ ಕೂತು, ಏಳುವಾಗ ಮುಷ್ಟಿ ಊರುವುದು ಮೂರನೆಯ ಪೆಟ್ಟು. ನಾದುವುದು ಗಂಡನ ಪಾಲಿಗೆ ಹೋಯಿತು. ಬಡಿಯುವ ಬದಲು ಲಟ್ಟಿಸುವುದು, ದಪ್ಪ ಲಟ್ಟಣಿಗೆ, ಹಿಡಿಕೆಯನ್ನು ಬಿಗಿಹಿಡಿಯದೆ ಎರಡೂ ಅಂಗೈ ಚಪ್ಪಟೆಯಾಗಿ ಇಟ್ಟು ಉರುಳಿಸುವುದು. ಗ್ಯಾಸ್ ಒಲೆ ಕಟ್ಟೆಯ ಮೇಲೆ, ಕೂರಲು ಎತ್ತರದ ಸ್ಟೂಲು. 20 ನಿಮಿಷಕ್ಕೊಮ್ಮೆ ಬೆರಳು ಬಿಡಿಸಿ ಐದು ನಿಮಿಷ ಬಿಡುವು. ಖಾನಾವಳಿಯವರಿಗೆ ಇನ್ನು ರಾತ್ರಿ ಊಟಕ್ಕೆ ರೊಟ್ಟಿ. ಮನೆಗೆ ಕಡಕ್ ರೊಟ್ಟಿ: ಕೈ ಚೆನ್ನಾಗಿರುವ ಮಧ್ಯಾಹ್ನ ಮಾಡಿಟ್ಟರೆ ವಾರಗಟ್ಟಲೆ ಕೆಡದು, ಮುಂಜಾನೆ ಒಲೆ ಮುಂದೆ ಕೂರುವ ಪ್ರಮೇಯವೇ ಇಲ್ಲ. ಈ ಭಾಗದ ಹೆಂಗಸರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಮಗೆ ಕಂಡಿಲ್ಲ.

ಎದ್ದ ಕೂಡಲೇ ಉಗುರುಬೆಚ್ಚಗಿನ ನೀರಲ್ಲಿ ಎಂಟು-ಹತ್ತು ನಿಮಿಷ ಕೈ ಅದ್ದಿ, ನೀರಿನಲ್ಲೇ ಬೆರಳು ಮಡಚಿ ಬಿಡಿಸುವುದು, ಮಣಿಕಟ್ಟು ಮೇಲೆ ಕೆಳಗೆ ಆಡಿಸುವುದು, ಒತ್ತಾಯ ಬೇಡ. ಬಿಗಿತಕ್ಕೆ ಬಿಸಿ, ಕಾದು ಊದಿದ ಕೀಲಿಗೆ ಬಟ್ಟೆ ಸುತ್ತಿದ ಮಂಜುಗಡ್ಡೆ 10-15 ನಿಮಿಷ. ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಂಡದೆ ನಲ್ಲಿಗೆ ಸುತ್ತಿ ತಿರುವುವುದು. ಕೊಡ ಅರ್ಧ ತುಂಬಿ ಎರಡೂ ಮುಂಗೈಯಿಂದ ಅಪ್ಪಿ ಎತ್ತುವುದು. ಚೀಲ ಬೆರಳಿಗೆ ಬೇಡ, ಮೊಣಕೈಗೆ. ಡಬ್ಬಿಯ ತಿರುಪು ಮುಚ್ಚಳವನ್ನು ಬಲ ಅಂಗೈಯಿಂದ ಬಿಚ್ಚಿ ಎಡ ಅಂಗೈಯಿಂದ ಮುಚ್ಚಿದರೆ ಬೆರಳು ಕಿರುಬೆರಳ ಕಡೆಗೆ ವಾಲುವ ಒತ್ತಡ ತಪ್ಪುತ್ತದೆ. ಈ ರೋಗದಲ್ಲಿ ಬೆರಳು ವಾಲುವುದು ಆ ಕಡೆಗೇ. ಕುತ್ತಿಗೆ ತಿರುವಿ ಲಟಕ್ ಎನ್ನಿಸುವ ಮಾಲೀಸು ಖಂಡಿತ ಬೇಡ, ಈ ರೋಗದಲ್ಲಿ ಮೇಲ್ಗುತ್ತಿಗೆಯ ಕೀಲು ಸಡಿಲವಾಗಿರಬಹುದು.

ವಾಯು ಎಂದು ಬದನೆಕಾಯಿ, ಆಲೂಗಡ್ಡೆ, ಮೊಸರು ಎಲ್ಲ ಬಿಟ್ಟು ಆಕೆ ಸೊರಗಿದ್ದರು. ಇವು ಈ ರೋಗವನ್ನು ಕೆರಳಿಸುತ್ತವೆ ಎನ್ನಲು ಆಧಾರವಿಲ್ಲ. ಮೊಸರು, ಶೇಂಗಾ, ಕಾಳಿನ ಪಲ್ಯ ಮತ್ತೆ ತಟ್ಟೆಗೆ ಬಂದವು.

ನಾಗರಪಂಚಮಿ ಹೊತ್ತಿಗೆ ಎಡವಿದರು. ಕೈ ಹಗುರಾಗಿತ್ತೆಂದು ಒಂದೇ ಮಧ್ಯಾಹ್ನ ಶೇಂಗಾ, ಎಳ್ಳು, ಪುಠಾಣಿ ಮೂರೂ ಬಗೆಯ ಉಂಡಿ ಕಟ್ಟಿದರು. ಬಿಸಿ ಬೆಲ್ಲದ ಪಾಕ ಆರುವ ಮೊದಲೇ ಬಿಗಿಮುಷ್ಟಿಯಲ್ಲಿ ಒತ್ತಬೇಕಾದ ಕೆಲಸ ಅದು. ಬಾತ ಗೆಣ್ಣಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ನಾಲ್ಕು ದಿನ ಕೈ ಎತ್ತಲಾಗಲಿಲ್ಲ. "ಔಷಧ ಹತ್ತಲಿಲ್ಲ" ಎಂದು ಅತ್ತರು. ಔಷಧಿ ಸೋತದ್ದಲ್ಲ, ಒಳ್ಳೆಯ ದಿನ ಹಳೆಯ ಬಾಕಿಯನ್ನೆಲ್ಲ ತೀರಿಸಲು ಹೊರಟದ್ದು. ಆಗ ಕೊಟ್ಟ ಅಳತೆ: ಕೆಲಸ ಮುಗಿದು ಎರಡು ತಾಸಾದರೂ ಹೆಚ್ಚಿದ ನೋವು ಇಳಿಯದಿದ್ದರೆ ಅದು ಅತಿಯಾಯಿತು, ನಾಳೆ ಕಡಿಮೆ ಮಾಡಬೇಕು. ನೋವು ಉಲ್ಬಣಿಸಿದ ದಿನಗಳಲ್ಲಿ ಮಣಿಕಟ್ಟಿಗೆ ಪಟ್ಟಿ, ಅರ್ಧ ಕೆಲಸ. ಆದರೆ ಪೂರ್ತಿ ಹಾಸಿಗೆ ಹಿಡಿಯದೆ ದಿನಕ್ಕೆರಡು ಸಲ ಕೀಲನ್ನು ಮೆಲ್ಲಗೆ ಆಡಿಸಬೇಕು. ಒಂದೇ ಕೀಲು ಕೆಂಪಾಗಿ ಕಾದು ಜ್ವರ ಬಂದರೆ ಅದು ಸೋಂಕಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಅತ್ತ ದಿನವೇ ನಿದ್ದೆ, ಹಸಿವು, ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಿದೆವು. ಸಾಯಬೇಕೆನ್ನಿಸಿಲ್ಲ, "ಮನಿಗೆ ಭಾರ ಆಗೀನಿ" ಎಂಬ ಕೊರಗಿತ್ತು. ದೀರ್ಘಕಾಲದ ಕೀಲುನೋವಿನ ಜೊತೆ ಖಿನ್ನತೆ ಬರುವುದು ಹೊಸದಲ್ಲ. ನಿದ್ದೆಗೆಟ್ಟದ್ದು ನೋವಿನಿಂದಲೋ ಮನಸ್ಸಿನಿಂದಲೋ ಎಂದು ಹಾಳೆಗೆ ಇನ್ನೊಂದು ಸಾಲು ಸೇರಿತು.

ಈಗ ಮುಷ್ಟಿ ಕಟ್ಟುವ ಹೊತ್ತು ಎಂಟೂವರೆಗೆ ಬಂದಿದೆ. ಖಾನಾವಳಿ 60ರ ಬದಲು 40 ರೊಟ್ಟಿ ಸಾಕೆಂದಿದೆ. ಉಳಿದ ದುಡಿಮೆಗೆ ಶೇಂಗಾ ಚಟ್ನಿಪುಡಿ ಮಾಡುವ ಲೆಕ್ಕಾಚಾರ ನಡೆದಿದೆ. ಕುಟ್ಟುವುದು ಬೇಡ, ಮಿಕ್ಸರ್‌ನಲ್ಲೇ ಆಗಲಿ ಎಂದದ್ದಕ್ಕೆ, ರುಚಿ ಕೆಡುತ್ತದೆ ಎಂಬ ತಕರಾರು ಅತ್ತೆಯದೇ. ಹಾಗಾದರೆ ಕುಟ್ಟುವವರು ಯಾರು ಎಂಬುದು ಮುಂದಿನ ಭೇಟಿಯ ವಿಷಯ.