ಕೋಶಗಳ ಒಡನಾಟ ಎಷ್ಟು ದೂರ?

ಪ್ರಶ್ನೆ: ತಟ್ಟೆಯಲ್ಲಿ ಒತ್ತೊತ್ತಾಗಿ ಬೆಳೆದ ನಾಯಿ ಮೂತ್ರಪಿಂಡದ ಕೋಶಗಳನ್ನು 10 ನಿಮಿಷಕ್ಕೊಂದು ಚಿತ್ರದಂತೆ ಸೆರೆಹಿಡಿದು, ವೇಗಗಳ ಸಹಸಂಬಂಧ (ಇಂತಿಷ್ಟು ದೂರದ ಎರಡು ಕೋಶಗಳ ನಡಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ) ಲೆಕ್ಕ ಹಾಕಿದೆ. ದೂರ ಎಷ್ಟೇ ಹೆಚ್ಚಿದರೂ ಅದು ಸೊನ್ನೆಗೆ ಇಳಿಯುತ್ತಿಲ್ಲ. ಇಡೀ ಪದರ ಒಂದಾಗಿ ನಡೆಯುತ್ತಿದೆ ಎನ್ನಬಹುದೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಈಗಲೇ ಹಾಗೆ ಬರೆಯಬೇಡಿ. ನವಲಗುಂದದ ಕಡೆ ಹಿಂಗಾರಿ ಜೋಳ ತೆನೆ ಹಿಡಿದಾಗ ಬದುವಿನ ಮೇಲೆ ನಿಂತು ನೋಡಿ. ಗಾಳಿ ಬೀಸಿದರೆ ಈ ತುದಿಯ ತೆನೆಯೂ ಆ ತುದಿಯದೂ ಒಂದೇ ಕಡೆ ಬಾಗುತ್ತವೆ. ಒಂದು ತೆನೆ ಇನ್ನೊಂದನ್ನು ತಳ್ಳಿರುವುದಿಲ್ಲ. ನಿಮ್ಮ ಲೆಕ್ಕದಲ್ಲೂ ಇಂಥ ಗಾಳಿ ಸೇರಿಕೊಂಡಿರಬೇಕು.

ಮೊದಲ ಅನುಮಾನ ಸೂಕ್ಷ್ಮದರ್ಶಕದ ಮೇಲೆ. ಬಿಸಿಗೆ ಅದರ ವೇದಿಕೆ ಮೆಲ್ಲಗೆ ಸರಿಯುತ್ತದೆ. ಈ ಕೋಶಗಳ ನಡಿಗೆಯೇ ಗಂಟೆಗೆ 10-20 ಮೈಕ್ರೊಮೀಟರ್ ಇರುವಾಗ, ವೇದಿಕೆ 5 ಮೈಕ್ರೊಮೀಟರ್ ಜಾರಿದರೂ ಲೆಕ್ಕ ಕೆಟ್ಟಂತೆಯೇ. ತಟ್ಟೆಯ ತಳಕ್ಕೆ ಅಂಟಿದ ಮಣಿಯನ್ನೋ ಗೀರನ್ನೋ ಗುರುತಾಗಿಟ್ಟುಕೊಂಡು ಪ್ರತಿ ಚಿತ್ರವನ್ನೂ ಅದಕ್ಕೆ ಹೊಂದಿಸಿ. ಆಮೇಲೂ ಪದರ ತೆರೆದ ಅಂಚಿನತ್ತ ಸಾಗುತ್ತಿದ್ದರೆ ಅದು ಕೋಶಗಳದೇ ನಡಿಗೆ. ಅದನ್ನು ಬೇರೆಯಾಗಿ ದಾಖಲಿಸಿ. ನಂತರ ಪ್ರತಿ ಚಿತ್ರದ ಸರಾಸರಿ ವೇಗ ಕಳೆದು, ಉಳಿಕೆಗಳ ಮೇಲಷ್ಟೇ ಸಹಸಂಬಂಧ ಹಾಕಿ.

ಎಡವುವುದು ಇಲ್ಲಿಯೇ. ಸರಾಸರಿ ಕಳೆದ ಮೇಲೆ ಉಳಿಕೆಗಳ ಮೊತ್ತ ಸೊನ್ನೆ. ಹಾಗಾಗಿ ಕೋಶಗಳು ಏನೇ ಮಾಡುತ್ತಿರಲಿ, ದೂರಕ್ಕೆ ತಕ್ಕಂತೆ ಬದಲಾಗುವ ಸಹಸಂಬಂಧದ ರೇಖೆ ಎಲ್ಲೋ ಒಂದು ಕಡೆ ಸೊನ್ನೆಯ ಕೆಳಗೆ ಇಳಿಯಲೇಬೇಕು. ಆ ದೂರವನ್ನೇ ಸಹಸಂಬಂಧದ ಉದ್ದ, ಅಂದರೆ ಕೋಶಗಳ ಒಡನಾಟ ತಲುಪುವ ದೂರ ಎನ್ನುವ ಮುನ್ನ ಲೆಕ್ಕಕ್ಕೆ ತೆಗೆದುಕೊಂಡ ಚಿತ್ರದ ಚೌಕಟ್ಟನ್ನು 300, 600, 1200 ಮೈಕ್ರೊಮೀಟರ್‌ಗೆ ಹಿಗ್ಗಿಸಿ ನೋಡಿ. ಉದ್ದ ಒಂದೆಡೆ ನಿಂತರೆ ಅದು ಕೋಶಗಳದು; ಚೌಕಟ್ಟಿನ ಜೊತೆಗೇ ಬೆಳೆಯುತ್ತಿದ್ದರೆ ನೀವು ಅಳೆಯುತ್ತಿರುವುದು ಚೌಕಟ್ಟನ್ನೇ ಇರಬಹುದು. ಇಂಥ ಪದರಗಳಲ್ಲಿ ಸಾಮಾನ್ಯವಾಗಿ ಸಿಗುವುದು 100-200 ಮೈಕ್ರೊಮೀಟರ್, ಅಂದರೆ ಹತ್ತು ಕೋಶಗಳ ಆಸುಪಾಸು.

ವೇಗ ಅಳೆಯಲು ಚಿತ್ರವನ್ನು 32 ಪಿಕ್ಸೆಲ್ ಚೌಕಗಳಾಗಿ, ಒಂದರ ಅರ್ಧ ಇನ್ನೊಂದರ ಮೇಲೆ ಬರುವಂತೆ ಕತ್ತರಿಸಿದ್ದರೆ ಪಕ್ಕದ ಚೌಕಗಳು ತಾವಾಗಿಯೇ ಹೊಂದುತ್ತವೆ. ಪಿಕ್ಸೆಲ್‌ಗೆ 0.65 ಮೈಕ್ರೊಮೀಟರ್ ಆದರೆ ಒಂದು ಚೌಕದ ಅಗಲವಾದ ಮೊದಲ 21 ಮೈಕ್ರೊಮೀಟರ್ ನಂಬಬೇಡಿ.

ಕೊನೆಗೆ ಒಂದು ತಟ್ಟೆಗೆ ಇಜಿಟಿಎ ಎಂಬ ರಾಸಾಯನಿಕ ಹಾಕಿ. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಕ್ಯಾಲ್ಸಿಯಂ ಇಲ್ಲದೆ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡ್‌ಹೆರಿನ್ ಪ್ರೋಟೀನಿನ ಹಿಡಿತ ಸಡಿಲುತ್ತದೆ. ಸಹಸಂಬಂಧದ ಉದ್ದ ಕುಗ್ಗಬೇಕು. ಕುಗ್ಗದಿದ್ದರೆ ಮತ್ತೆ ಗಾಳಿಯನ್ನೇ ಹುಡುಕಿ.

ಪ್ರಶ್ನೆ: ಗಾಯ ಮುಚ್ಚುವಾಗ ಅಂಚಿನ ಕೋಶಗಳೇ ಉಳಿದವನ್ನು ಎಳೆದೊಯ್ಯುತ್ತವೆಯೇ?
– ಓದುಗರು, ಗದಗ

ಉತ್ತರ: ಅಂಚಿನಲ್ಲಿ ಅಗಲ ಪಾದ ಚಾಚಿದ ಮುಂದಾಳು ಕೋಶಗಳು ಕಾಣುವುದು ನಿಜ. ಆದರೆ 2009ರಲ್ಲಿ ಪ್ರಕಟವಾದ ಎಳೆತದ ಮಾಪನಗಳಲ್ಲಿ, ಅಂಚಿನಿಂದ ಹಲವು ಸಾಲು ಹಿಂದಿನ ಕೋಶಗಳೂ ನೆಲವನ್ನು ಹಿಡಿದು ಜಗ್ಗುತ್ತಿದ್ದವು.